ಸೊಂಡಿಲಿ ಮತ್ತು ಚಿಟ್ಟುಮಡಿವಾಳ: ಒಂದೇ ಮುದ್ರೆಯ ಹಿಂದಿರುವ ಅಸಮ ಅರಿವು

ಹೈದರಾಬಾದಿನ ಈಶಾನ್ಯಕ್ಕಿರುವ ಮಲ್ಕಾಜ್‌ಗಿರಿಯ ಹೆಸರು ರಾಷ್ಟ್ರಮಟ್ಟದಲ್ಲಿ ಕೇಳಿಬರುವುದು ಬಹುಮಟ್ಟಿಗೆ ಚುನಾವಣೆಯ ಕಾಲದಲ್ಲಿ. 2019 ಮತ್ತು 2024ರ ಲೋಕಸಭಾ ಚುನಾವಣೆಗಳೆರಡರಲ್ಲೂ ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರ ಅದು. ಸಂಖ್ಯೆ 30 ಲಕ್ಷವನ್ನು ದಾಟಿತ್ತು. ಇಷ್ಟು ಜನರನ್ನು ಹೊತ್ತ ಈ ನೆಲದ ಅಡಿಯಲ್ಲಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಇದೇ ಬಗೆಯ ಪುರಾತನ ಶಿಲೆ ರಾಯಚೂರಿನ ಗುಡ್ಡಗಳಲ್ಲಿಯೂ ಕೋಲಾರದ ಬಂಡೆಗಳಲ್ಲಿಯೂ ಹೊರಚಾಚಿಕೊಂಡಿದೆ. ಬಂಡೆಯ ಸಂದಿ, ಕುರುಚಲು ಗಿಡ, ಸಫಿಲ್‌ಗುಡದಂಥ ಕೆರೆಗಳ ಅಂಚು, ಹಳೆಯ ಮನೆಗಳ ಮೋರಿ ಇವುಗಳನ್ನು ನೆಚ್ಚಿ ಮನುಷ್ಯರ ಮಗ್ಗುಲಲ್ಲೇ ಬದುಕುವ ಎರಡು ಸಣ್ಣ ಜೀವಿಗಳು ಈ ಲೇಖನದ ವಸ್ತು: ಒಂದು ಸೊಂಡಿಲಿ, ಇನ್ನೊಂದು ಚಿಟ್ಟುಮಡಿವಾಳ.

ಸೊಂಡಿಲಿ ರಾತ್ರಿಯ ಪ್ರಾಣಿ. ಉದ್ದ ಮೂತಿ, ಮಂದ ದೃಷ್ಟಿ. ಪಕ್ಕೆಯ ಗ್ರಂಥಿಗಳಿಂದ ಹೊಮ್ಮುವ ಕಟುವಾಸನೆ. ಗೋಡೆಯ ಬುಡ ಹಿಡಿದೇ ಓಡುವ ಇದನ್ನು ಹೈದರಾಬಾದಿನ ಉರ್ದು ಮಾತಿನವರು ಛಛೂಂದರ್ ಎನ್ನುತ್ತಾರೆ. ಇಲಿಯೆಂದೇ ಭಾವಿಸಿ ಹೊಡೆಯುವವರು ಹೆಚ್ಚು. ಆದರೆ ಅದರ ಮುಖ್ಯ ಆಹಾರ ಜಿರಲೆ, ಎರೆಹುಳು, ಕೀಟ. ಚಿಟ್ಟುಮಡಿವಾಳ ಹಗಲಿನ ಹಕ್ಕಿ. ಬಾಲವನ್ನು ನೆಟ್ಟಗೆ ಎತ್ತಿ ಬಂಡೆಯ ಮೇಲೆ ನಿಲ್ಲುವ ಗಂಡಿನ ಮೈ ಹೊಳೆಯುವ ಕಪ್ಪು, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಬಾಲದ ಬುಡದಡಿ ಇಟ್ಟಿಗೆಗೆಂಪು. ಉತ್ತರ ಭಾರತದ ಗಂಡುಗಳಿಗೆ ಕಂದು ಬೆನ್ನು, ದಕ್ಷಿಣದವಕ್ಕೆ ಕಪ್ಪು ಬೆನ್ನು. ದಖನ್ನಿನ ನಡುಭಾಗದಲ್ಲಿ ಈ ಎರಡು ಬಣ್ಣಗಳು ಸಂಧಿಸುತ್ತವೆ.

ಈ ಎರಡಕ್ಕೂ ವೈಜ್ಞಾನಿಕ ಹೆಸರು ದೊರೆತದ್ದು ಒಂದೇ ವರ್ಷ, ಒಂದೇ ಗ್ರಂಥದಲ್ಲಿ. ಸ್ವೀಡನ್ನಿನ ನಿಸರ್ಗಶಾಸ್ತ್ರಜ್ಞರೊಬ್ಬರು ಜೀವಜಗತ್ತನ್ನು ವಿಂಗಡಿಸಿ ಬರೆದ ಗ್ರಂಥದ 12ನೇ ಆವೃತ್ತಿ, 1766. ಇಂದು ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಕೆಂಪು ಪಟ್ಟಿಯಲ್ಲೂ ಎರಡರ ಮುಂದಿರುವುದು ಒಂದೇ ಮುದ್ರೆ: 'ಕಡಿಮೆ ಕಾಳಜಿ'. ಮೇಲ್ನೋಟಕ್ಕೆ ಇವುಗಳ ಕುರಿತು ಚರ್ಚಿಸಲು ಹೆಚ್ಚೇನೂ ಇಲ್ಲ. ಆದರೆ ಈ 250ಕ್ಕೂ ಹೆಚ್ಚು ವರ್ಷಗಳಲ್ಲಿ ಎರಡೂ ವರ್ಗೀಕರಣದಲ್ಲಿ ಎಷ್ಟು ಬಾರಿ ಗೂಡು ಬದಲಿಸಿದವು, ಆ ಮುದ್ರೆಯನ್ನು ಯಾವ ಆಧಾರದ ಮೇಲೆ ಒತ್ತಲಾಯಿತು ಎಂದು ನೋಡಹೊರಟರೆ ಸಂರಕ್ಷಣೆಯ ಒಂದು ಮೂಲಭೂತ ಸಮಸ್ಯೆ ಎದುರಾಗುತ್ತದೆ.

ಒಪೊಸಮ್ ಜೊತೆಗಿದ್ದ ಕಾಲ

ಅದೇ ಗ್ರಂಥದ 1758ರ 10ನೇ ಆವೃತ್ತಿಯಲ್ಲಿ ಸೊಂಡಿಲಿಗಳ ಬಳಗವನ್ನು ಇರಿಸಿದ್ದ ಗಣದಲ್ಲಿ ಹಂದಿ, ಆರ್ಮಡಿಲೊ, ಮುಳ್ಳುಹಂದಿಯಲ್ಲದ ಸಣ್ಣ ಮುಳ್ಳಿನ ಹೆಜ್‌ಹಾಗ್ ಮತ್ತು ಅಮೆರಿಕ ಖಂಡದ ಒಪೊಸಮ್ ಎಲ್ಲವೂ ಇದ್ದವು. ನೀಳ ಮೂತಿಯೇ ಅವುಗಳನ್ನು ಒಟ್ಟುಗೂಡಿಸಿದ ಮುಖ್ಯ ಲಕ್ಷಣ. ಒಪೊಸಮ್‌ಗಳು ಹೊಟ್ಟೆಚೀಲದ ಪ್ರಾಣಿಗಳ ವಂಶದವು. ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದ ಒಂದು ಸದಸ್ಯವೂ ಭಾರತದಲ್ಲಿಲ್ಲ. ಅವುಗಳಲ್ಲೇ ಇಲಿಯಷ್ಟಿರುವ, ಮರದ ಮೇಲೆ ವಾಸಿಸುವ ಕಿರಿಯ ಒಪೊಸಮ್‌ಗಳಿಗೆ ಚೀಲವೇ ಇರುವುದಿಲ್ಲ. ಮರಿಗಳು ತಾಯಿಯ ಮೊಲೆಗೆ ಕಚ್ಚಿಕೊಂಡು ಬೆಳೆಯುತ್ತವೆ. ನೋಟಕ್ಕೆ ಇಲಿ, ಅಭ್ಯಾಸದಲ್ಲಿ ಸೊಂಡಿಲಿ, ವಂಶದಲ್ಲಿ ಕಾಂಗರೂವಿನ ಕಡೆಯದು. ಸೊಂಡಿಲಿಯ ಮತ್ತು ಒಪೊಸಮ್‌ನ ವಂಶಗಳು ಬೇರ್ಪಟ್ಟು ಸುಮಾರು 16 ಕೋಟಿ ವರ್ಷಗಳಾಗಿವೆ ಎಂಬುದು ಈಗಿನ ಅಂದಾಜು. ಮೂತಿಯ ಆಕಾರವನ್ನು ನಂಬಿದರೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಮುಂದೆ 19ನೇ ಶತಮಾನದಲ್ಲಿ ಒಪೊಸಮ್ ತನ್ನ ಸರಿಯಾದ ಬಳಗಕ್ಕೆ ಹೋಯಿತು. ಸೊಂಡಿಲಿಯನ್ನು 'ಕೀಟಾಹಾರಿ'ಗಳೆಂಬ ಗಣಕ್ಕೆ ಸೇರಿಸಲಾಯಿತು. ಎಲ್ಲಿಯೂ ಹೊಂದದ ಸಣ್ಣ ಸಸ್ತನಿಗಳನ್ನೆಲ್ಲ ತುಂಬಿದ ಚೀಲ ಆ ಗಣ. 1990ರ ದಶಕದ ಕೊನೆಯಲ್ಲಿ ಡಿಎನ್ಎ ಹೋಲಿಕೆಗಳು ಅದನ್ನು ಒಡೆದವು. ಆಫ್ರಿಕಾದ ಬಂಗಾರದ ಮೋಲ್‌ಗಳು ಮತ್ತು ಮಡಗಾಸ್ಕರಿನ ಟೆನ್ರೆಕ್‌ಗಳು ಆನೆಯ ದೂರದ ಬಂಧುಗಳೆಂದು ಗೊತ್ತಾಗಿ ಹೊರಬಿದ್ದವು. ಸೊಂಡಿಲಿ, ಮೋಲ್, ಹೆಜ್‌ಹಾಗ್‌ಗಳು ಮಾತ್ರ ಒಟ್ಟಿಗೆ ಉಳಿದವು. ಈ ಎಲ್ಲ ಪಲ್ಲಟಗಳ ನಡುವೆಯೂ ಸೊಂಡಿಲಿ ದಂಶಕಗಳ ಗಣಕ್ಕೆ, ಅಂದರೆ ಇಲಿ-ಅಳಿಲುಗಳ ಗುಂಪಿಗೆ, ಸೇರಲಿಲ್ಲ. ಇಲಿಯ ಮುಂಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಸೊಂಡಿಲಿಯ ಬಾಯಲ್ಲಿರುವುದು ಕೀಟದ ಕವಚವನ್ನು ಸೀಳುವ ಚೂಪುಹಲ್ಲುಗಳ ಸಾಲು. ವಿಜ್ಞಾನ ಇಷ್ಟು ಸ್ಪಷ್ಟವಾಗಿದ್ದರೂ ಇಲಿಪಾಷಾಣ ಮತ್ತು ಅಂಟುಹಾಳೆ ಈ ವ್ಯತ್ಯಾಸವನ್ನು ಕಾಣುವುದಿಲ್ಲ.

ಸಿಳ್ಳಾರಗಳ ಮನೆ ಪಾಲಾದಾಗ

ಚಿಟ್ಟುಮಡಿವಾಳದ ಕಥೆ ಇನ್ನಷ್ಟು ತಿರುವುಗಳದ್ದು. 1766ರಲ್ಲಿ ಅದನ್ನು ಸೇರಿಸಿದ್ದು ಕುಂಡೆಕುಸ್ಕಗಳ ಕುಲಕ್ಕೆ. ಬಳಿಕ ಅದು ಸಿಳ್ಳಾರಗಳ, ಅಂದರೆ ಥ್ರಷ್ ಹಕ್ಕಿಗಳ, ಬಳಗಕ್ಕೆ ಬಂತು. 20ನೇ ಶತಮಾನದ ಬಹುಪಾಲು ಭಾರತದ ಹಕ್ಕಿ ಪುಸ್ತಕಗಳು ಅದನ್ನು, ಮಡಿವಾಳ ಹಕ್ಕಿಯನ್ನು, ಮಲೆನಾಡಿನ ಹಳ್ಳಗಳಲ್ಲಿ ನಸುಕಿಗೆ ಮನುಷ್ಯನಂತೆ ಸಿಳ್ಳೆ ಹಾಕುವ ಸಿಳ್ಳಾರವನ್ನು ಒಂದೇ ಗುಂಪಿನಲ್ಲಿ ತೋರಿಸಿದವು. ಕಾಲು ಉದ್ದ, ನೆಲದ ಮೇಲೆ ಕುಪ್ಪಳಿಸುವ ನಡೆ, ಮರಿಯ ಮೈಮೇಲೆ ಚುಕ್ಕೆ, ಇಂಪಾದ ಕಂಠ ಇವು ಆಧಾರಗಳಾಗಿದ್ದವು. 1980ರ ದಶಕದಿಂದ ಡಿಎನ್ಎ ಆಧಾರಿತ ಅಧ್ಯಯನಗಳು ಆರಂಭವಾದಂತೆ ಈ ಚಿತ್ರ ಕದಲಿತು. ಮಡಿವಾಳಗಳು ನೊಣಹಿಡುಕಗಳ ವಂಶದವೆಂದು ಸಿದ್ಧವಾಯಿತು. ಸಿಳ್ಳೆ ಹಾಕುವ ಸಿಳ್ಳಾರವೂ ಅದೇ ದಾರಿ ಹಿಡಿದು ನೊಣಹಿಡುಕಗಳ ಕುಟುಂಬಕ್ಕೆ ಹೋಯಿತು. ತನ್ನದೇ ಪ್ರತ್ಯೇಕ ಕುಲದಲ್ಲಿದ್ದ ಚಿಟ್ಟುಮಡಿವಾಳ ಈಚೆಗೆ ಮಡಿವಾಳದ ಕುಲದಲ್ಲಿ ವಿಲೀನವಾಯಿತು.

ಹಾಗಾದರೆ ದಖನ್ನಿನಲ್ಲಿ ನಿಜವಾದ ಥ್ರಷ್ ಯಾವುದು? ಕಿತ್ತಳೆ ಬಣ್ಣದ ತಲೆಯ ನೆಲಸಿಳ್ಳಾರ ಅಂಥದ್ದೊಂದು. ಪರ್ಯಾಯ ದ್ವೀಪದಲ್ಲಿ ಇರುವ ಅದರ ಉಪಪ್ರಭೇದದ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆಗಳಿರುತ್ತವೆ. ತರಗೆಲೆ ಕೆದಕಿ ಹುಳು ಹುಡುಕುವ ಆ ಹಕ್ಕಿಯೂ ಕುಲದ ಮಟ್ಟದಲ್ಲಿ ಬದಲಾವಣೆ ಕಂಡಿದೆ, ಆದರೆ ಕುಟುಂಬ ಬಿಟ್ಟಿಲ್ಲ. ಇಷ್ಟೆಲ್ಲ ಕಳೆದುಕೊಂಡ ಮೇಲೂ ಥ್ರಷ್ ಕುಟುಂಬದಲ್ಲಿ 170ರ ಆಸುಪಾಸಿನ ಪ್ರಭೇದಗಳು ಉಳಿದಿವೆ. ಸಸ್ತನಿಗಳ ಮತ್ತು ಹಕ್ಕಿಗಳ ಪೂರ್ವಜರು ಬೇರೆಯಾಗಿ ಸುಮಾರು 32 ಕೋಟಿ ವರ್ಷಗಳಾಗಿವೆ. ಒಪೊಸಮ್ ಮತ್ತು ಥ್ರಷ್‌ಗಳ ನಡುವೆ, ಹಾಗೆಯೇ ಸೊಂಡಿಲಿ ಮತ್ತು ಚಿಟ್ಟುಮಡಿವಾಳಗಳ ನಡುವೆ ಇರುವ ದೂರ ಅಷ್ಟು. ವಂಶದಲ್ಲಿ ಇಷ್ಟು ದೂರವಿರುವ ಜೀವಿಗಳನ್ನು ಸಂರಕ್ಷಣೆಯ ಪಟ್ಟಿ ಒಂದೇ ಅಳತೆಗೋಲಿನಿಂದ ಅಳೆಯುತ್ತದೆ.

ಅಳತೆಗೋಲು ಏನು ಕೇಳುತ್ತದೆ

1964ರಲ್ಲಿ ಹುಟ್ಟಿದ ಜಾಗತಿಕ ಕೆಂಪು ಪಟ್ಟಿ ಆರಂಭದಲ್ಲಿ ಪರಿಣತರ ಅಭಿಪ್ರಾಯವನ್ನೇ ನೆಚ್ಚಿತ್ತು. 1994ರಲ್ಲಿ ಅಂಕಿಸಂಖ್ಯೆಯ ಮಾನದಂಡಗಳು ಬಂದವು, 2001ರಲ್ಲಿ ಪರಿಷ್ಕೃತವಾದವು. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಶೇ 30ರಷ್ಟು ಕುಸಿದಿದ್ದರೆ 'ದುರ್ಬಲ', ಶೇ 50 ಕುಸಿದಿದ್ದರೆ 'ಅಳಿವಿನಂಚಿನ', ಶೇ 80 ಕುಸಿದಿದ್ದರೆ 'ತೀವ್ರ ಅಳಿವಿನಂಚಿನ' ವರ್ಗ. ಹರಡಿಕೆಯ ವಿಸ್ತಾರಕ್ಕೂ ಮಿತಿಗಳಿವೆ: 20,000 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ನೆಲೆ ಛಿದ್ರವಾಗಿ ಕುಗ್ಗುತ್ತಿದ್ದರೆ 'ದುರ್ಬಲ' ಎನಿಸಬಹುದು. ಇವುಗಳ ಸಮೀಪಕ್ಕೂ ಬಾರದ ಪ್ರಭೇದಗಳಿಗೆ 'ಕಡಿಮೆ ಕಾಳಜಿ'. ತೀರ್ಮಾನಕ್ಕೆ ಬರುವಷ್ಟು ತಿಳಿವಳಿಕೆಯೇ ಇಲ್ಲದಿದ್ದರೆ 'ಮಾಹಿತಿ ಕೊರತೆ'.

ಈ ಲೆಕ್ಕದ ಘಟಕ ಪ್ರಭೇದ. ಅಲ್ಲೇ ವರ್ಗೀಕರಣ ಮತ್ತು ಸಂರಕ್ಷಣೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಕುಟುಂಬ ಬದಲಾದರೆ, ಅಂದರೆ ಚಿಟ್ಟುಮಡಿವಾಳ ಸಿಳ್ಳಾರಗಳಿಂದ ನೊಣಹಿಡುಕಗಳ ಕಡೆಗೆ ಹೋದರೆ, ಅದರ ಸ್ಥಿತಿಗತಿಯಲ್ಲಿ ಏನೂ ವ್ಯತ್ಯಾಸವಾಗದು. ಪ್ರಭೇದವೇ ಎರಡಾಗಿ ಒಡೆದರೆ ಮಾತ್ರ ಎಲ್ಲವೂ ಬದಲಾಗುತ್ತದೆ. ಹರಡಿಕೆ ಪಾಲಾಗುತ್ತದೆ, ಸಂಖ್ಯೆ ಪಾಲಾಗುತ್ತದೆ, ನಿನ್ನೆಯವರೆಗೆ ಸುರಕ್ಷಿತವೆನಿಸಿದ್ದ ಹೆಸರಿನೊಳಗಿಂದ ಅಪಾಯದಲ್ಲಿರುವ ಜೀವಿಯೊಂದು ಹೊರಬರಬಹುದು. ಅಂಥದ್ದನ್ನು ಕಾಣಲು ಪಶ್ಚಿಮ ಘಟ್ಟದ ಕಡೆಗೆ ಹೊರಳಬೇಕು.

ಘಟ್ಟದ ಹಕ್ಕಿ, ಘಟ್ಟದ ಇಲಿ

ಶೋಲಾ ಕಾಡುಗಳ ನೆಲದಲ್ಲಿ ಓಡಾಡುವ ನೀಲಿಬಣ್ಣದ ಪುಟ್ಟ ಹಕ್ಕಿಗಳನ್ನು ದೀರ್ಘಕಾಲ ಒಂದೇ ಪ್ರಭೇದವೆಂದು, ಸಿಳ್ಳಾರಗಳ ಬಳಗದ್ದೆಂದು ಎಣಿಸಲಾಗಿತ್ತು. 2005ರ ಹೊತ್ತಿಗೆ ಪಾಲ್ಘಾಟ್ ಕಣಿವೆಯ ಉತ್ತರಕ್ಕಿರುವವು ಬೇರೆ, ದಕ್ಷಿಣಕ್ಕಿರುವವು ಬೇರೆ ಎಂಬ ನಿಲುವು ಗಟ್ಟಿಯಾಯಿತು. ಡಿಎನ್ಎ ಅಧ್ಯಯನಗಳು ಅದನ್ನು ಸಮರ್ಥಿಸಿದವು. 2017ರಲ್ಲಿ ಇವಕ್ಕಾಗಿಯೇ ಹೊಸ ಕುಲವೊಂದನ್ನು ರೂಪಿಸಿ, ಹಕ್ಕಿಗಳಿಗೆ 'ಶೋಲಾಕಿಳಿ' ಎಂಬ ಹೆಸರು ಕೊಡಲಾಯಿತು. ಉತ್ತರದ ಪ್ರಭೇದ ನೀಲಗಿರಿಯ ಜೊತೆಗೆ ಕೊಡಗಿನ ಬ್ರಹ್ಮಗಿರಿಯಂಥ ಎತ್ತರದ ಬೆಟ್ಟಗಳಿಗೆ ಸೀಮಿತ. ಬೆಟ್ಟದ ತುದಿಯ ಕಾಡು ಅಲ್ಲಲ್ಲಿ ನಡುಗಡ್ಡೆಗಳಂತೆ ಉಳಿದಿದೆ. ಹಕ್ಕಿ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟದು. ಇಂದು ಎರಡೂ ಪ್ರಭೇದಗಳು ಅಳಿವಿನ ಅಪಾಯದ ವರ್ಗಗಳಲ್ಲಿವೆ. ವರ್ಗೀಕರಣ ನಿಖರವಾದ ಮೇಲೆ ಯಾವ ಬೆಟ್ಟವನ್ನು ಯಾರಿಗಾಗಿ ಉಳಿಸಬೇಕು ಎಂಬ ಪ್ರಶ್ನೆಯೂ ನಿಖರವಾಯಿತು.

ಅದೇ ಘಟ್ಟಗಳ ನಿತ್ಯಹರಿದ್ವರ್ಣ ಕಾಡಿನಲ್ಲಿ, ಮರದ ಪೊಟರೆಗಳಲ್ಲಿ, ಬೆನ್ನಮೇಲೆ ಚಪ್ಪಟೆ ಮುಳ್ಳುಗೂದಲು ಮತ್ತು ತುದಿಯಲ್ಲಿ ಕುಚ್ಚಿರುವ ಬಾಲದ ಮರ ಇಲಿಯೊಂದಿದೆ. ಕಿರಿಯ ಒಪೊಸಮ್ ದಕ್ಷಿಣ ಅಮೆರಿಕದ ಕಾಡಿನಲ್ಲಿ ಬದುಕುವ ರೀತಿಗೆ ನಮ್ಮಲ್ಲಿ ಹತ್ತಿರದ ಹೋಲಿಕೆ ಇದೇ: ಪುಟ್ಟ ದೇಹ, ರಾತ್ರಿಯ ಓಡಾಟ, ಮರವೇ ಮನೆ, ಆಹಾರದಲ್ಲಿ ಹಣ್ಣು. ಮಾಗಿದ ಮೆಣಸನ್ನು ತಿನ್ನುತ್ತದೆಂಬ ದೂರು ತೋಟಗಾರರಿಂದ ಹಿಂದೆಯೇ ಕೇಳಿಬಂದಿತ್ತು. 1859ರಲ್ಲಿ ಕಲ್ಕತ್ತೆಯಲ್ಲಿದ್ದ ಪ್ರಾಣಿಶಾಸ್ತ್ರಜ್ಞರೊಬ್ಬರು ವಿವರಿಸಿದ ಇದನ್ನು ಯುರೋಪಿನ ಡಾರ್‌ಮೌಸ್‌ಗಳ ಕುಟುಂಬಕ್ಕೆ ಸೇರಿಸಲಾಗಿತ್ತು. ಹಲ್ಲುಗಳ ರಚನೆ, ಬಳಿಕ ಅನುವಂಶೀಯ ಸಾಕ್ಷ್ಯ ಬೇರೆಯದನ್ನೇ ಹೇಳಿದವು. ಅದು ಇಲಿಗಳ ಮಹಾವಂಶದ ಬುಡದಲ್ಲೇ ಬೇರೆಯಾದ ಪುರಾತನ ಕವಲು. ಕುಲದಲ್ಲಿ ಅದೊಂದೇ ಪ್ರಭೇದ, ಜೀವಂತ ಬಂಧುಗಳಿರುವುದು ದೂರದ ಚೀನಾ ಮತ್ತು ವಿಯೆಟ್ನಾಂಗಳಲ್ಲಿ. ಕೆಂಪು ಪಟ್ಟಿಯಲ್ಲಿ ಅದು 'ದುರ್ಬಲ'. ಈ ಪ್ರಭೇದ ಅಳಿದರೆ ಒಂದು ಇಡೀ ಕುಲ ಅಳಿಯುತ್ತದೆ, ಆದರೆ ಪಟ್ಟಿಯ ಮಾನದಂಡಗಳಲ್ಲಿ ವಂಶದ ಒಂಟಿತನಕ್ಕೆ ಪ್ರತ್ಯೇಕ ಅಂಕವಿಲ್ಲ.

ತಪ್ಪು ವಿಂಗಡಣೆ ಜೀವಿಯನ್ನೇ ಮರೆಮಾಡಬಲ್ಲದು ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಸಾಕ್ಷಿಯಿದೆ. 1948ರಲ್ಲಿ ತಮಿಳುನಾಡಿನ ಹೈವೇವಿ ಬೆಟ್ಟಗಳಲ್ಲಿ ಹಿಡಿದ ಹಣ್ಣುಬಾವಲಿಯೊಂದನ್ನು ಸಾಮಾನ್ಯ ಜಾತಿಯದೆಂದು ಚೀಟಿ ಅಂಟಿಸಿ ಮುಂಬಯಿಯ ಸಂಗ್ರಹದಲ್ಲಿ ಇಡಲಾಗಿತ್ತು. 1972ರಲ್ಲಿ ಅದನ್ನು ಮತ್ತೆ ಪರೀಕ್ಷಿಸಿದಾಗ ಅದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಎಂದು ತಿಳಿಯಿತು. ಅದೇ 1972ರಲ್ಲಿ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಕಾಗೆ, ಇಲಿ, ಹೆಗ್ಗಣಗಳ ಜೊತೆಗೆ ಹಣ್ಣುಬಾವಲಿಗಳನ್ನೂ ಉಪದ್ರವಕಾರಿಗಳೆಂದು ಸಾರಾಸಗಟಾಗಿ ಸೇರಿಸಲಾಗಿತ್ತು. ಆ ಅಪರೂಪದ ಬಾವಲಿಯನ್ನು ಪ್ರತ್ಯೇಕವಾಗಿ ಮೊದಲ ಅನುಸೂಚಿಗೆ ಏರಿಸಿ ರಕ್ಷಣೆ ಕೊಟ್ಟದ್ದು ಬಹಳ ವರ್ಷಗಳ ನಂತರ.

ಎಷ್ಟು ಕಣ್ಣುಗಳು ನೋಡುತ್ತಿವೆ

ಇಲ್ಲಿಂದ ಮುಂದಿನದೇ ಈ ಲೇಖನದ ಮುಖ್ಯ ವಾದ. 'ಕಡಿಮೆ ಕಾಳಜಿ' ಎಂಬ ಮುದ್ರೆ ಚಿಟ್ಟುಮಡಿವಾಳದ ವಿಷಯದಲ್ಲಿ ಒಂದು ತಿಳಿವಳಿಕೆಯ ಫಲ. ಸೊಂಡಿಲಿಯ ವಿಷಯದಲ್ಲಿ ಬಹುಮಟ್ಟಿಗೆ ಒಂದು ಊಹೆಯ ಫಲ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿ 178ನ್ನು ಹೆಚ್ಚಿನ ಆದ್ಯತೆಯವೆಂದು ಗುರುತಿಸಿತು. ಸುಮಾರು 30,000 ಹಕ್ಕಿವೀಕ್ಷಕರು ದಾಖಲಿಸಿದ 3 ಕೋಟಿ ಅವಲೋಕನಗಳು ಅದರ ಹಿಂದಿದ್ದವು. ಶಾಲಾ ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು ಕೆರೆಯ ದಂಡೆಯಲ್ಲಿ ನಿಂತು ಬರೆದ ಪಟ್ಟಿಗಳೇ ಆ ಅಂಕಿಗಳು. ಸಣ್ಣ ಸಸ್ತನಿಗಳಿಗೆ ಇಂಥ ಬೆಂಬಲವಿಲ್ಲ. ಅವು ರಾತ್ರಿ ಸಂಚರಿಸುತ್ತವೆ, ಹಾಡುವುದಿಲ್ಲ, ಬಲೆಯಿಟ್ಟು ಹಿಡಿದು ಹಲ್ಲು ನೋಡದೆ ಅನೇಕವನ್ನು ಗುರುತಿಸಲಾಗದು; ಹಿಡಿಯಲು ಅನುಮತಿ ಬೇಕು, ಹಿಡಿಯುವವರಿಗೆ ತರಬೇತಿ ಬೇಕು.

ಜಾಗತಿಕ ಅಂಕಿಗಳೂ ಇದನ್ನೇ ಹೇಳುತ್ತವೆ. ಹಕ್ಕಿಗಳಲ್ಲಿ 'ಮಾಹಿತಿ ಕೊರತೆ' ವರ್ಗದಲ್ಲಿರುವವು ಶೇ 1ಕ್ಕಿಂತ ಕಡಿಮೆ. ಸಸ್ತನಿಗಳಲ್ಲಿ ಸುಮಾರು ಶೇ 14. ಆ ಶೇ 14ರಲ್ಲಿ ಹುಲಿ-ಆನೆಗಳಿಲ್ಲ, ಹೆಚ್ಚಿನವು ಇಲಿ, ಬಾವಲಿ, ಸೊಂಡಿಲಿಗಳು. ಮನೆಯ ಸೊಂಡಿಲಿಯೆಂದು ಒಂದೇ ಹೆಸರಿನಲ್ಲಿ ಕರೆಯುತ್ತಿರುವುದರಲ್ಲೂ ಅನುವಂಶೀಯವಾಗಿ ಬೇರೆ ಬೇರೆ ಕವಲುಗಳಿವೆ ಎಂದು ಅಧ್ಯಯನಗಳು ತೋರಿಸಿವೆ. ಪಶ್ಚಿಮ ಘಟ್ಟದ ಎತ್ತರದ ಕಾಡುಗಳ ಕಪ್ಪು ಸೊಂಡಿಲಿಯನ್ನು ಈಗ ಪ್ರತ್ಯೇಕ ಪ್ರಭೇದವೆಂದೇ ಗುರುತಿಸಲಾಗುತ್ತಿದೆ. ಹಡಗುಗಳ ಮೂಲಕ ಪೂರ್ವ ಆಫ್ರಿಕಾದ ಕರಾವಳಿಗೂ ಪೆಸಿಫಿಕ್ ದ್ವೀಪಗಳಿಗೂ ತಲುಪಿ ಅಲ್ಲಿನ ಹಲ್ಲಿ-ಕೀಟಗಳಿಗೆ ಮಾರಕವಾಗಿರುವ ಪ್ರಾಣಿ, ತನ್ನ ತವರಿನಲ್ಲಿ ಎಷ್ಟು ಬಗೆಯಾಗಿ ಹಂಚಿಹೋಗಿದೆ ಎಂಬುದು ಇನ್ನೂ ಬಿಡಿಸಬೇಕಾದ ಪ್ರಶ್ನೆ.

ಸಂಖ್ಯೆ ಹೆಚ್ಚಿದೆ ಎಂಬುದೇ ರಕ್ಷೆಯಲ್ಲ. ಹಳದಿ ಎದೆಯ ಬಂಟಿಂಗ್ ಎಂಬ ಹಕ್ಕಿ ಯುರೋಪಿನಿಂದ ಜಪಾನಿನವರೆಗೆ ಹರಡಿತ್ತು. ಚಳಿಗಾಲದಲ್ಲಿ ನಮ್ಮ ಈಶಾನ್ಯಕ್ಕೂ ಬರುತ್ತದೆ. 2004ರವರೆಗೆ 'ಕಡಿಮೆ ಕಾಳಜಿ' ವರ್ಗದಲ್ಲಿದ್ದ ಅದು ಚೀನಾದಲ್ಲಿ ಆಹಾರಕ್ಕಾಗಿ ನಡೆದ ಭಾರೀ ಬೇಟೆಯಿಂದ 2017ರಲ್ಲಿ 'ತೀವ್ರ ಅಳಿವಿನಂಚಿನ' ವರ್ಗಕ್ಕೆ ಕುಸಿಯಿತು. ಹಕ್ಕಿಯಾದ್ದರಿಂದ ಆ ಕುಸಿತ ದಾಖಲಾಯಿತು. ಅದೇ ವೇಗದಲ್ಲಿ ಒಂದು ಸಣ್ಣ ಸಸ್ತನಿ ಕುಸಿದರೆ ಅದು ಯಾರ ಗಮನಕ್ಕೆ ಬರಬೇಕು?

ಒಡೆಯುವುದು ಸರಿಯೇ?

ಪ್ರತಿವಾದವನ್ನೂ ಕೇಳಬೇಕು. ಪ್ರಭೇದಗಳನ್ನು ಅತಿಯಾಗಿ ಒಡೆಯುತ್ತಿದ್ದೇವೆ, ಇದರಿಂದ ಅಪಾಯದ ಪಟ್ಟಿ ಕೃತಕವಾಗಿ ಉಬ್ಬುತ್ತಿದೆ ಎನ್ನುವವರಿದ್ದಾರೆ. ಹೆಸರುಗಳು ಪದೇ ಪದೇ ಬದಲಾದರೆ ಕಾನೂನಿನ ಅನುಸೂಚಿಗಳು ಹಿಂದೆ ಬೀಳುತ್ತವೆ, ಕಳ್ಳಸಾಗಣೆದಾರರಿಗೆ ಅನುಕೂಲವಾಗುತ್ತದೆ ಎಂಬ ಆತಂಕವೂ ನಿಜವೇ. ವರ್ಗೀಕರಣಕ್ಕೆ ಜಾಗತಿಕ ಮೇಲ್ವಿಚಾರಣೆ ಬೇಕೆಂದು 2017ರಲ್ಲಿ ಎದ್ದ ಸಲಹೆಗೆ ವಿಜ್ಞಾನಿಗಳಲ್ಲೇ ತೀವ್ರ ವಿರೋಧ ಬಂತು. ಸಂಶೋಧನೆಯ ಸ್ವಾತಂತ್ರ್ಯಕ್ಕೆ ಅದು ಕಡಿವಾಣವಾಗುತ್ತದೆಂಬುದು ವಿರೋಧಿಗಳ ನಿಲುವು. ಹಕ್ಕಿಶಾಸ್ತ್ರಜ್ಞರು ನಡುದಾರಿ ಹಿಡಿದರು: ಭಿನ್ನ ಪಟ್ಟಿಗಳನ್ನು ಹೊಂದಿಸಿ 2025ರಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳ ಏಕೀಕೃತ ಪಟ್ಟಿ ತಂದರು. ಸಸ್ತನಿಗಳ ಕ್ಷೇತ್ರದಲ್ಲೂ ಅಂಥ ಸಮ್ಮತಿಯ ದಾರಿ ಅನುಕರಣೀಯ. ಒಡೆಯುವುದೋ ಕೂಡಿಸುವುದೋ ಎಂಬ ಜಗಳಕ್ಕಿಂತ, ನಿರ್ಧಾರದ ಹಿಂದಿನ ಸಾಕ್ಷ್ಯ ಬಹಿರಂಗವಾಗಿರಬೇಕೆಂಬುದು ಮುಖ್ಯ.

ಬಂಡೆ, ಕಾನೂನು, ನಗರ

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗ್ರಾನೈಟ್ ಗುಹೆಯಲ್ಲಿ ಎಲೆಮೂಗಿನ ಬಾವಲಿಯೊಂದಿದೆ. ಪ್ರಭೇದವೆಂದು ಅದನ್ನು ವಿವರಿಸಿದ್ದು 1994ರಲ್ಲಿ. ಲೋಕದಲ್ಲಿ ಉಳಿದಿರುವ ಗೊತ್ತಾದ ನೆಲೆ ಅದೊಂದೇ, ಸಂಖ್ಯೆ 200ರ ಒಳಗೆ. 2016ರಲ್ಲಿ 'ತೀವ್ರ ಅಳಿವಿನಂಚಿನ' ವರ್ಗಕ್ಕೆ ಸೇರಿತು. ಸುತ್ತ ಕಲ್ಲುಗಣಿಗಾರಿಕೆ ನಡೆಯುತ್ತಿತ್ತು. ಹೆಸರೊಂದು ದೊರೆತದ್ದರಿಂದ, ವರ್ಗವೊಂದು ನಿಗದಿಯಾದದ್ದರಿಂದಲೇ ಗುಹೆಯ ಸುತ್ತಲಿನ ಸುಮಾರು 30 ಎಕರೆಯನ್ನು ರಕ್ಷಿಸಲು ಸರ್ಕಾರ ಮುಂದಾಗುವುದು ಸಾಧ್ಯವಾಯಿತು. ಹೆಸರು ಸಿಗುವ ಮೊದಲೇ ಒಡೆದುಹೋದ ಬಂಡೆಗಳಲ್ಲಿ ಏನಿತ್ತು ಎಂದು ಹೇಳಬಲ್ಲವರಿಲ್ಲ. ಹೈದರಾಬಾದಿನ ಸುತ್ತಲೂ ಇಂಥ ಬಂಡೆಗಳು ಅಡಿಪಾಯಕ್ಕಾಗಿ, ಜಲ್ಲಿಗಾಗಿ ದಶಕಗಳಿಂದ ಸಿಡಿಯುತ್ತಿವೆ. ಅವುಗಳನ್ನು ಉಳಿಸಲು ನಾಗರಿಕರು 1990ರ ದಶಕದಿಂದಲೇ ದನಿ ಎತ್ತಿದ್ದಾರೆ. ಆ ಹೋರಾಟದಲ್ಲಿ ಬಂಡೆಗಳ ಚೆಲುವು ಮತ್ತು ಪ್ರಾಚೀನತೆಯ ಮಾತು ಬಂದಷ್ಟು ಅವುಗಳಲ್ಲಿ ಬದುಕುವ ಸಣ್ಣ ಪ್ರಾಣಿಗಳ ಮಾತು ಬಂದಿಲ್ಲ.

2022ರ ತಿದ್ದುಪಡಿ ವನ್ಯಜೀವಿ ಕಾಯ್ದೆಯ ಅನುಸೂಚಿಗಳನ್ನು ಆರರಿಂದ ನಾಲ್ಕಕ್ಕೆ ಇಳಿಸಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಉಪದ್ರವಕಾರಿಗಳ ಕಾಯಂ ಪಟ್ಟಿ ಹೋಗಿ, ಅಗತ್ಯಬಿದ್ದಾಗ ಅಧಿಸೂಚನೆ ಹೊರಡಿಸುವ ಅಧಿಕಾರ ಉಳಿದಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ನಗರದ ಸೊಂಡಿಲಿಗೂ ಚಿಟ್ಟುಮಡಿವಾಳಕ್ಕೂ ಬೇಕಿರುವುದು ಅನುಸೂಚಿಯ ಉನ್ನತ ಸ್ಥಾನವಲ್ಲ, ಅವುಗಳನ್ನು ಹುಲಿಯಂತೆ ಕಾಯಬೇಕೆಂದು ಯಾರೂ ಕೇಳುತ್ತಿಲ್ಲ. ಜಾಗತಿಕ ಮುದ್ರೆಯನ್ನು ಸ್ಥಳೀಯ ಪರವಾನಗಿಯಾಗಿ ಬಳಸಬಾರದು ಎಂಬುದಷ್ಟೇ ಇಲ್ಲಿನ ಆಗ್ರಹ. ಕಟ್ಟಡ ಯೋಜನೆಗಳ ಪರಿಸರ ವರದಿಗಳಲ್ಲಿ 'ಇಲ್ಲಿರುವವೆಲ್ಲ ಕಡಿಮೆ ಕಾಳಜಿಯ ಪ್ರಭೇದಗಳು' ಎಂಬ ಒಂದು ಸಾಲು ಬರೆದರೆ ಪ್ರಶ್ನೆ ಮುಗಿಯಬಾರದು. ಇಡೀ ಏಷ್ಯಾದ ಲೆಕ್ಕದಲ್ಲಿ ಸುರಕ್ಷಿತವಾಗಿರುವ ಹಕ್ಕಿ ಒಂದು ಬಡಾವಣೆಯಿಂದ ಪೂರ್ತಿ ಮಾಯವಾಗಬಲ್ಲದು. ಕೆಂಪು ಪಟ್ಟಿ ಅದನ್ನು ಅಳೆಯಲೆಂದು ರೂಪುಗೊಂಡದ್ದಲ್ಲ.

ಅದನ್ನು ಅಳೆಯಲು ಬೇರೆ ಕಾನೂನಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯೂ ನಿರ್ವಹಣಾ ಸಮಿತಿ ರಚಿಸಿ ಜನತಾ ಜೀವವೈವಿಧ್ಯ ದಾಖಲೆ ಸಿದ್ಧಪಡಿಸಬೇಕೆನ್ನುತ್ತದೆ. ನಗರಗಳಲ್ಲಿ ಆ ದಾಖಲೆಯನ್ನು ಕಡತ ತುಂಬಿಸುವ ಕೆಲಸವಾಗಿ ನೋಡದೆ, ಹಕ್ಕಿಗಳ ಕಾಲಂ ತುಂಬಿದಷ್ಟೇ ಗಂಭೀರವಾಗಿ ಸಣ್ಣ ಸಸ್ತನಿಗಳ ಕಾಲಂ ತುಂಬಬೇಕು. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಕಣಜ ಗೂಬೆ ತಿಂದ ಬೇಟೆಯ ಎಲುಬು, ರೋಮಗಳನ್ನು ಉಂಡೆಯಾಗಿ ಉಗುಳುತ್ತದೆ. ಪಾಳುಗೋಡೆ, ಹಳೆಯ ಕಟ್ಟಡಗಳಡಿ ಬೀಳುವ ಆ ಉಂಡೆಗಳಲ್ಲಿ ತಲೆಬುರುಡೆಗಳು ಇಡಿಯಾಗಿ ಸಿಗುತ್ತವೆ. ಹಲ್ಲು ನೋಡಿ ಇದು ಇಲಿ, ಇದು ಸೊಂಡಿಲಿ ಎಂದು ಬೇರ್ಪಡಿಸುವುದನ್ನು ಪದವಿ ತರಗತಿಯ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕಲಿಯಬಲ್ಲರು. ಮಲ್ಕಾಜ್‌ಗಿರಿ ಭಾಗದ ಕಾಲೇಜುಗಳು ವರ್ಷಕ್ಕೊಮ್ಮೆ ಇದನ್ನು ಮಾಡಿ, ಎಣಿಕೆಯನ್ನು ಕೆರೆದಂಡೆಯ ಹಕ್ಕಿ ಪಟ್ಟಿಗಳ ಪಕ್ಕದಲ್ಲಿ ದಾಖಲಿಸುತ್ತ ಹೋದರೆ, ಇಲ್ಲಿನ ಸೊಂಡಿಲಿ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ಎಂಬುದರ ಕುರಿತು ಅಂಕಿಗಳ ಆಧಾರದ ಮೇಲೆ ಮಾತನಾಡಬಹುದು.